ದವಾಖಾನೆಯಲ್ಲಿ ತಪ್ಪಾಗಿದೆ ಎಂಬ ಸಂಶಯ ಬಂದರೆ ಏನು ಮಾಡಬೇಕು?



ವಾರದ ಸಭೆಯಲ್ಲಿ ಸಾಲದ ಅರ್ಜಿ ಓದುವಾಗ ಕಾರಣದ ಜಾಗದಲ್ಲಿ "ದವಾಖಾನೆ ಖರ್ಚು" ಎಂಬ ಮಾತು ಎಷ್ಟು ಸಲ ಬರುತ್ತದೆ ಎಂಬುದು ನಿಮಗೇ ಗೊತ್ತು. ಎಮ್ಮೆ ತರಲು, ಬೀಜ-ಗೊಬ್ಬರ ಕೊಳ್ಳಲು ಸಾಲ ಕೊಟ್ಟಾಗ ಸಂಘ ಲೆಕ್ಕ ಕೇಳುತ್ತದೆ. ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಬೆಳೆ ಹೇಗಿದೆ ಎಂದು ವಿಚಾರಿಸುತ್ತದೆ. ದವಾಖಾನೆಗೆ ಹೋದ ರೊಕ್ಕದ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ. "ಡಾಕ್ಟರು ಮಾಡ್ಯಾರ, ನಮಗೇನು ತಿಳೀತದರಿ?" ಎಂದು ಸುಮ್ಮನಾಗುತ್ತೇವೆ.

ವಿಜಯಪುರ ಶಹರದ ಓಣಿಗಳಲ್ಲಿ, ಟಿಕೋಟಾ ಮತ್ತು ಬಬಲೇಶ್ವರದ ಹಳ್ಳಿಗಳಲ್ಲಿ ನಾವು ಸಭೆಗೆ ಬಂದಾಗ ಇಂಥ ಮಾತು ಕೇಳಿದ್ದೇವೆ. ಆಪರೇಷನ್ ಆದ ಮೇಲೆ ಹೊಲಿಗೆ ಕೀವು ಹಿಡಿದು ತಿಂಗಳುಗಟ್ಟಲೆ ಮಲಗಿದವರು, ಸೂಜಿ ಮಾಡಿಸಿದ ಕೈ ಎತ್ತಲಾಗದವರು, ಹೆರಿಗೆಗೆ ಹೋದ ಮಗಳನ್ನು ಕಳೆದುಕೊಂಡ ತಾಯಂದಿರು. ಇಂಥ ಕಡೆ ಜನ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, "ಹಣೆಬರಹ" ಎಂದು ಬಾಯಿ ಮುಚ್ಚಿಕೊಳ್ಳುವುದು. ಇನ್ನೊಂದು, ನಾಲ್ಕು ಮಂದಿ ಕೂಡಿ ದವಾಖಾನೆ ಮುಂದೆ ಗದ್ದಲ ಮಾಡಿ, ಮಧ್ಯಸ್ಥರು ಕೊಡಿಸಿದಷ್ಟು ರೊಕ್ಕ ತೆಗೆದುಕೊಂಡು ಮನೆಗೆ ಬರುವುದು. ಎರಡರಲ್ಲೂ ನಿಜ ಹೊರಬೀಳುವುದಿಲ್ಲ, ನಾಳೆ ಇನ್ನೊಬ್ಬಳಿಗೆ ಅದೇ ಆಗುವುದು ತಪ್ಪುವುದಿಲ್ಲ. ಕಾನೂನು ತೋರಿಸಿದ ಮೂರನೆಯ ದಾರಿಯೊಂದಿದೆ. ಆ ದಾರಿಯಲ್ಲಿ ನಡೆಯಲು ಬೇಕಾದದ್ದು ಜೋರು ಬಾಯಿಯಲ್ಲ, ಕೈಯಲ್ಲಿ ಕಾಗದ. ಅದನ್ನೇ ಈ ಪತ್ರಿಕೆಯಲ್ಲಿ ವಿವರಿಸುತ್ತೇವೆ.

ತಪ್ಪು ಎಂದರೆ ಯಾವುದು?

ಮೊದಲು ಒಂದು ಮಾತು ಸ್ಪಷ್ಟವಾಗಲಿ. ರೋಗಿ ಗುಣವಾಗಲಿಲ್ಲ ಎಂದಾಗಲೆಲ್ಲ ವೈದ್ಯರು ತಪ್ಪು ಮಾಡಿದ್ದಾರೆ ಎಂದು ಅರ್ಥವಲ್ಲ. ಕೆಲವು ರೋಗಗಳು ಎಷ್ಟೇ ಒಳ್ಳೆಯ ಚಿಕಿತ್ಸೆ ಕೊಟ್ಟರೂ ಕೈ ಮೀರುತ್ತವೆ. ಪ್ರತಿ ಆಪರೇಷನ್‌ನಲ್ಲೂ ಸ್ವಲ್ಪ ಅಪಾಯ ಇದ್ದೇ ಇರುತ್ತದೆ. ಇಬ್ಬರು ವೈದ್ಯರು ಒಂದೇ ರೋಗಕ್ಕೆ ಬೇರೆ ಬೇರೆ ಚಿಕಿತ್ಸೆ ಹೇಳಬಹುದು, ಎರಡೂ ಸರಿ ಇರಬಹುದು. ಹಗಲು-ರಾತ್ರಿ ದುಡಿಯುವ ಒಳ್ಳೆಯ ವೈದ್ಯರು, ದಾದಿಯರು ನಮ್ಮ ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆ.

ಹಾಗಾದರೆ ನಿರ್ಲಕ್ಷ್ಯ ಯಾವುದು? ಒಬ್ಬ ಸಾಧಾರಣ ಜಾಣ ವೈದ್ಯ ಅಂಥ ಹೊತ್ತಿನಲ್ಲಿ ವಹಿಸುವ ಎಚ್ಚರವನ್ನು ವಹಿಸದೆ ಇದ್ದು, ಅದರಿಂದಲೇ ರೋಗಿಗೆ ಹಾನಿಯಾದರೆ ಅದು ನಿರ್ಲಕ್ಷ್ಯ. ಎರಡೂ ಇರಬೇಕು: ಎಚ್ಚರ ತಪ್ಪಿದ್ದು ಮತ್ತು ಅದರಿಂದ ಹಾನಿಯಾದದ್ದು. ಉದಾಹರಣೆಗೆ:

• ಹೊಟ್ಟೆಯಲ್ಲಿ ಬಟ್ಟೆ ಅಥವಾ ಹತ್ತಿ ಬಿಟ್ಟು ಹೊಲಿಗೆ ಹಾಕುವುದು
• ರಕ್ತದ ಗುಂಪು ನೋಡದೆ ರಕ್ತ ಏರಿಸುವುದು
• ಔಷಧಿ ಒಗ್ಗುವುದಿಲ್ಲ ಎಂದು ಮೊದಲೇ ಹೇಳಿದರೂ ಅದನ್ನೇ ಕೊಡುವುದು
• ಹೆರಿಗೆ ನೋವಿನಲ್ಲಿದ್ದ ಹೆಣ್ಣುಮಗಳನ್ನು ತಾಸುಗಟ್ಟಲೆ ಯಾರೂ ಬಂದು ನೋಡದೆ ಬಿಡುವುದು
• ಏನು ಮಾಡುತ್ತೇವೆಂದು ಹೇಳದೆ, ಒಪ್ಪಿಗೆ ಇಲ್ಲದೆ ದೇಹದ ಭಾಗವನ್ನು ತೆಗೆಯುವುದು
• ಬೇಡವಾದ ಆಪರೇಷನ್ ಮಾಡುವುದು

ಈ ಕೊನೆಯ ಎರಡು ಮಾತುಗಳನ್ನು ನಾವು ಹೆಣ್ಣುಮಕ್ಕಳು ವಿಶೇಷವಾಗಿ ತಿಳಿಯಬೇಕು.

ಕಲಬುರಗಿಯಲ್ಲಿ ಆದದ್ದು

ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ 2015ರಲ್ಲಿ ಒಂದು ಸಂಗತಿ ಬಯಲಿಗೆ ಬಂತು. ಬೆನ್ನು ನೋವು, ಹೊಟ್ಟೆ ನೋವು, ಬಿಳಿ ಸೆರಗು ಎಂದು ಖಾಸಗಿ ದವಾಖಾನೆಗೆ ಹೋದ ಹೆಣ್ಣುಮಕ್ಕಳಿಗೆ "ಗರ್ಭಕೋಶ ಕೆಟ್ಟಿದೆ, ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿ ಗರ್ಭಕೋಶ ತೆಗೆದಿದ್ದರು. ಹೀಗಾದವರಲ್ಲಿ ಹೆಚ್ಚಿನವರು ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಬಡ ಮಹಿಳೆಯರು. 40 ವರ್ಷ ತುಂಬದವರೂ ಅವರಲ್ಲಿ ಬಹಳ ಜನ ಇದ್ದರು. 2 ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ಹೀಗಾಗಿದೆ ಎಂದು ಹೋರಾಟದ ಸಂಘಟನೆಗಳು ಹೇಳಿದವು. ಆರೋಗ್ಯ ಇಲಾಖೆ ತನಿಖೆ ಮಾಡಿಸಿ ಕೆಲವು ಆಸ್ಪತ್ರೆಗಳ ಮೇಲೆ ಕ್ರಮಕ್ಕೆ ಮುಂದಾಯಿತು. ಆದರೂ ನ್ಯಾಯಕ್ಕಾಗಿ ಆ ಮಹಿಳೆಯರು 2017ರಲ್ಲಿ ಮತ್ತೆ ಬೀದಿಗೆ ಇಳಿಯಬೇಕಾಯಿತು.

ಇಲ್ಲಿ ಗಮನಿಸಬೇಕಾದದ್ದೇನು? ಒಬ್ಬೊಬ್ಬಳೇ ಹೇಳಿದಾಗ ಅದು "ಅವಳ ಹಣೆಬರಹ" ಆಗಿತ್ತು. ಊರೂರಿನ ಹೆಣ್ಣುಮಕ್ಕಳು ಕೂಡಿ ಮಾತಾಡಿ, ಯಾವ ವಯಸ್ಸು, ಯಾವ ದವಾಖಾನೆ, ಏನು ಹೇಳಿ ಆಪರೇಷನ್ ಮಾಡಿದರು ಎಂದು ಲೆಕ್ಕ ಹಾಕಿದಾಗಲೇ ಅದು ದಂಧೆ ಎಂದು ತಿಳಿಯಿತು. ಇಂಥ ಲೆಕ್ಕ ಇಡುವ ಶಕ್ತಿ ನಮ್ಮ ಸಂಘಗಳಿಗೆ ಇದೆ.

ಬೇಡವಾದ ಗರ್ಭಕೋಶದ ಆಪರೇಷನ್ ಬಗ್ಗೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿದೆ. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳು ಜಾರಿಗೆ ತರಬೇಕು ಎಂದು ಹೇಳಿದೆ. ಈ ಆಪರೇಷನ್‌ಗಳ ಮೇಲೆ ಕಣ್ಣಿಡಲು ಜಿಲ್ಲೆ, ರಾಜ್ಯ ಮತ್ತು ದೇಶದ ಮಟ್ಟದಲ್ಲಿ ಸಮಿತಿಗಳು ಇರಬೇಕೆಂಬುದು ಆ ಮಾರ್ಗಸೂಚಿಯ ಮುಖ್ಯ ಮಾತು.

ಹೆಬ್ಬೆಟ್ಟಿಗೆ ಬೆಲೆ ಇದೆ

ಆಪರೇಷನ್‌ಗೆ ಮೊದಲು ಒಂದು ಕಾಗದ ತಂದು "ಇಲ್ಲಿ ಸಹಿ ಹಾಕ್ರಿ" ಎನ್ನುತ್ತಾರೆ. ಅದು ಒಪ್ಪಿಗೆ ಪತ್ರ. ನಾವು ಓದದೆ ಹೆಬ್ಬೆಟ್ಟು ಒತ್ತುತ್ತೇವೆ. ದೆಹಲಿಯಲ್ಲಿ ಒಬ್ಬ ಮಹಿಳೆ 1995ರಲ್ಲಿ ದುರ್ಬೀನು ಹಾಕಿ ಹೊಟ್ಟೆಯ ಒಳಗೆ ಪರೀಕ್ಷೆ ಮಾಡಿಸಲು ಒಪ್ಪಿದ್ದರು. ಅರವಳಿಕೆಯಲ್ಲಿ ಮಲಗಿದ್ದಾಗ ವೈದ್ಯರು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದರು. ಸುಪ್ರೀಂ ಕೋರ್ಟ್ 2008ರಲ್ಲಿ ಅದನ್ನು ತಪ್ಪು ಎಂದಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದಾಗ, ವಯಸ್ಸಿಗೆ ಬಂದು ಬುದ್ಧಿ ಸರಿ ಇರುವ ಹೆಣ್ಣುಮಗಳ ಒಪ್ಪಿಗೆಯನ್ನು ಅವಳೇ ಕೊಡಬೇಕು, ತಾಯಿ ಅವಳ ಪರವಾಗಿ ಕೊಡುವಂತಿಲ್ಲ ಎಂದು ತೀರ್ಪು ಬಂತು.

ಆದ್ದರಿಂದ ಸಹಿ ಹಾಕುವ ಮೊದಲು ಕೇಳಿರಿ: ರೋಗದ ಹೆಸರೇನು? ಏನು ತೆಗೆಯುತ್ತೀರಿ? ಗುಳಿಗೆಯಿಂದ ಗುಣವಾಗುವುದಿಲ್ಲವೇ? ಅಪಾಯ ಏನು? ಖರ್ಚು ಎಷ್ಟು? ಕನ್ನಡದಲ್ಲಿ ಓದಿ ಹೇಳಿರಿ ಎಂದು ಕೇಳಲು ನಾಚಿಕೆ ಬೇಡ. ಖಾಲಿ ಕಾಗದಕ್ಕೆ ಸಹಿ ಬೇಡವೇ ಬೇಡ. ತುರ್ತು ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆದು ಬನ್ನಿರಿ.

ಬಳ್ಳಾರಿಯ ಬಾಣಂತಿಯರು

ತಪ್ಪು ಯಾವಾಗಲೂ ವೈದ್ಯರ ಕೈಯಲ್ಲೇ ಇರುತ್ತದೆ ಎಂದೂ ಇಲ್ಲ. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ 2024ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಕಾಯಿಲೆ ಬಿದ್ದು, ಐವರು ತೀರಿಕೊಂಡರು. ಅವರಿಗೆ ಹಚ್ಚಿದ ಸಲಾಯಿನ್ ಬಾಟಲಿಯ ಮೇಲೆ ಸಂಶಯ ಬಂತು. ಆ ಕಂಪನಿಯ ಸಲಾಯಿನ್ ಬಳಕೆಯನ್ನು ರಾಜ್ಯ ಸರ್ಕಾರ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು, ಕುಟುಂಬಗಳಿಗೆ ಪರಿಹಾರ ಘೋಷಿಸಿತು.

ಇದರಿಂದ ಎರಡು ಪಾಠ. ಸಲಾಯಿನ್ ಅಥವಾ ಸೂಜಿ ಹಚ್ಚಿದ ಮೇಲೆ ರೋಗಿಗೆ ಚಳಿ, ನಡುಕ, ಉಸಿರಾಟದ ತೊಂದರೆ, ಮೂತ್ರ ನಿಲ್ಲುವುದು ಕಂಡರೆ ತಕ್ಷಣ ದಾದಿಗೆ ಹೇಳಿರಿ. ಬಾಟಲಿಯ ಮೇಲಿನ ಹೆಸರು, ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ತಾರೀಖನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿರಿ. ಎರಡನೆಯದು, ಬಾಣಂತಿ ಸತ್ತರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಪ್ರತಿಯೊಂದು ತಾಯಿ ಮರಣದ ಪರಿಶೋಧನೆ ಆಗಬೇಕೆಂಬ ನಿಯಮವಿದೆ. ಮನೆಯವರಾಗಿ ನೀವು ಕಂಡದ್ದನ್ನು ಅಲ್ಲಿ ಹೇಳಬಹುದು.

ಸಂಶಯ ಬಂದ ದಿನವೇ ಮಾಡಬೇಕಾದ ಕೆಲಸ

1. ರೋಗಿಯ ಜೀವ ಮೊದಲು. ಜಗಳ ಆಮೇಲೆ. ಬೇರೆ ಆಸ್ಪತ್ರೆಗೆ ಒಯ್ಯಬೇಕಾದರೆ, ಏಕೆ ಕಳಿಸುತ್ತಿದ್ದೇವೆ, ಇಲ್ಲಿಯವರೆಗೆ ಏನು ಕೊಟ್ಟಿದ್ದೇವೆ, ಎಷ್ಟು ಗಂಟೆಗೆ ಕಳಿಸಿದೆವು ಎಂದು ಬರೆದ ಪತ್ರ ಕೇಳಿ ಪಡೆಯಿರಿ.

2. ನಡೆದದ್ದನ್ನು ಬರೆದಿಡಿರಿ. ಯಾವ ತಾರೀಖು, ಎಷ್ಟು ಗಂಟೆ, ಯಾರು ಏನು ಹೇಳಿದರು, ಯಾವ ಸೂಜಿ ಕೊಟ್ಟರು. ಬರೆಯಲು ಬಾರದಿದ್ದರೆ ಮಗಳ ಕೈಯಿಂದಲೋ ಸಂಘದ ಪ್ರತಿನಿಧಿಯಿಂದಲೋ ಅದೇ ದಿನ ಬರೆಸಿರಿ. ತಿಂಗಳಾದ ಮೇಲೆ ನೆನಪು ಕಲಸುತ್ತದೆ.

3. ಒಂದು ಕಾಗದವನ್ನೂ ಬಿಸಾಡಬೇಡಿರಿ. ಹೊರರೋಗಿ ಚೀಟಿ, ಔಷಧಿ ಚೀಟಿ, ಬಿಲ್ಲು, ರಕ್ತ-ಮೂತ್ರದ ರಿಪೋರ್ಟು, ಎಕ್ಸ್‌-ರೇ, ಸ್ಕ್ಯಾನಿಂಗ್, ಬಿಡುಗಡೆ ಪತ್ರ, ಖಾಲಿ ಔಷಧಿ ಬಾಟಲಿ ಎಲ್ಲವನ್ನೂ ಒಂದೇ ಪಿಶವಿಯಲ್ಲಿ ಇಡಿರಿ. ಬಿಲ್ಲು ಕೊಡದಿದ್ದರೆ ಕೇಳಿರಿ. ಯಾರಿಗೂ ಮೂಲ ಕಾಗದ ಕೊಡಬೇಡಿರಿ, ಝೆರಾಕ್ಸ್ ಕೊಡಿರಿ.

4. ದವಾಖಾನೆಯಲ್ಲಿರುವ ದಾಖಲೆಯ ನಕಲನ್ನು ಬರವಣಿಗೆಯಲ್ಲಿ ಕೇಳಿರಿ. ವೈದ್ಯರ ನಡತೆಯ 2002ರ ನಿಯಮಾವಳಿ ಪ್ರಕಾರ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಯ್ದಿಡಬೇಕು. ರೋಗಿ ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ "ಮುಟ್ಟಿದೆ" ಎಂದು ಸಹಿ, ಶಿಕ್ಕೆ ಹಾಕಿಸಿಕೊಳ್ಳಿರಿ. ಸಹಿ ಹಾಕದಿದ್ದರೆ ರಿಜಿಸ್ಟರ್ಡ್ ಅಥವಾ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿರಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕು ಕಾಯ್ದೆಯಡಿಯೂ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು, ಬಿಪಿಎಲ್ ಕುಟುಂಬಕ್ಕೆ ಅರ್ಜಿ ಶುಲ್ಕವಿಲ್ಲ.

5. ಇನ್ನೊಬ್ಬ ವೈದ್ಯರಿಗೆ ತೋರಿಸಿ, ಈಗಿನ ಸ್ಥಿತಿ ಏನೆಂದು ಬರೆಸಿಕೊಳ್ಳಿರಿ. "ಯಾರ ತಪ್ಪು?" ಎಂದು ಕೇಳಿದರೆ ಅವರು ಬಾಯಿ ಬಿಡಲಿಕ್ಕಿಲ್ಲ. "ಈಗ ಏನಾಗಿದೆ, ಇದಕ್ಕೆ ಕಾರಣ ಏನಿರಬಹುದು?" ಎಂದು ಕೇಳಿರಿ.

6. ರೋಗಿ ತೀರಿಕೊಂಡಿದ್ದು, ಸಾವಿನ ಬಗ್ಗೆ ಸಂಶಯ ಇದ್ದರೆ, ಮಣ್ಣು ಮಾಡುವ ಅಥವಾ ಸುಡುವ ಮೊದಲೇ ಪೊಲೀಸ್ ಠಾಣೆಗೆ ದೂರು ಬರೆದುಕೊಟ್ಟು ಶವಪರೀಕ್ಷೆ ಮಾಡಿಸಿರಿ. ಇದು ಬಹಳ ಕಠಿಣ ಮಾತು ಎಂದು ನಮಗೆ ಗೊತ್ತು. "ಸತ್ತವಳನ್ನ ಮತ್ತ ಕೊಯ್ಯಿಸೂದೇನು?" ಎಂದು ಹಿರಿಯರು ಹೇಳುತ್ತಾರೆ. ಆದರೆ ಶವಪರೀಕ್ಷೆಯ ವರದಿ ಇಲ್ಲದೆ ಸಾವಿನ ಕಾರಣ ಸಿದ್ಧಪಡಿಸುವುದು ಬಹಳ ಕಷ್ಟ. ಮನೆಯವರು ಕೂಡಿ ವಿಚಾರ ಮಾಡಲಿ, ಆದರೆ ಆ ಹೊತ್ತಿನಲ್ಲೇ ಮಾಡಲಿ.

ಯಾವ ದೂರಿಗೆ ಯಾವ ಬಾಗಿಲು?

ಟಿಕೋಟಾ, ಬಬಲೇಶ್ವರ ಈಗ ತಾಲೂಕು ಕೇಂದ್ರಗಳಾಗಿವೆ. ಆದರೂ ಈ ಕೆಲಸದ ಜಿಲ್ಲಾ ಕಚೇರಿಗಳು ವಿಜಯಪುರದಲ್ಲಿವೆ. ದ್ರಾಕ್ಷಿ ತೋಟದ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವವರು ತಪ್ಪು ಬಾಗಿಲಿಗೆ ಹೋಗಿ ತಿರುಗಿ ಬರಬಾರದು. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇವೆ.

ಖಾಸಗಿ ದವಾಖಾನೆಯ ಬಗ್ಗೆ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ಪ್ರತಿ ಖಾಸಗಿ ದವಾಖಾನೆ ನೋಂದಣಿಯಾಗಿರಬೇಕು, ದರಪಟ್ಟಿ ಹಚ್ಚಿರಬೇಕು. ನೋಂದಣಿ ಮತ್ತು ಕುಂದುಕೊರತೆ ನೋಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನೋಂದಣಿ ಇಲ್ಲದ ದವಾಖಾನೆ, ದರಕ್ಕಿಂತ ಹೆಚ್ಚು ಹಣ, ದಾಖಲೆ ಕೊಡದಿರುವುದು, ಡಿಗ್ರಿ ಇಲ್ಲದೆ ಸೂಜಿ ಮಾಡುವ ನಕಲಿ ವೈದ್ಯರು, ಈ ದೂರುಗಳನ್ನು ಇಲ್ಲಿ ಕೊಡಿರಿ.

ವೈದ್ಯರ ನಡತೆಯ ಬಗ್ಗೆ: ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಇದು ಎಂಬಿಬಿಎಸ್ ಮತ್ತು ಅದರ ಮೇಲೆ ಓದಿದ ವೈದ್ಯರನ್ನು ವಿಚಾರಿಸುತ್ತದೆ. ತಪ್ಪು ಸಾಬೀತಾದರೆ ಎಚ್ಚರಿಕೆ ಕೊಡಬಹುದು, ಕೆಲವು ಕಾಲ ಅಥವಾ ಕಾಯಂ ಆಗಿ ವೈದ್ಯರ ಪಟ್ಟಿಯಿಂದ ಹೆಸರು ತೆಗೆಯಬಹುದು. ಇಲ್ಲಿ ಪರಿಹಾರದ ಹಣ ಸಿಗುವುದಿಲ್ಲ.

ಪರಿಹಾರದ ಹಣಕ್ಕೆ: ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಗೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ದೂರನ್ನು 2 ವರ್ಷದೊಳಗೆ ಹಾಕಬೇಕು. ಚಿಕಿತ್ಸೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಇನ್ನೊಂದು ಮುಖ್ಯ ಮಾತು: ನಮ್ಮ ಕಡೆಯವರು ಬಹಳ ಜನ ಸೊಲ್ಲಾಪುರ, ಮಿರಜಕ್ಕೆ ಚಿಕಿತ್ಸೆಗೆ ಹೋಗುತ್ತಾರೆ. 2019ರ ಹೊಸ ಗ್ರಾಹಕ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಮಹಾರಾಷ್ಟ್ರಕ್ಕೆ ಓಡಾಡಬೇಕಿಲ್ಲ. ಸಲಹೆಗೆ 1915ಕ್ಕೆ ಫೋನ್ ಮಾಡಬಹುದು.

ಸರ್ಕಾರಿ ಆಸ್ಪತ್ರೆಯ ಬಗ್ಗೆ: ಎಲ್ಲರಿಗೂ ಪೂರ್ಣ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯ ಮೇಲೆ ಗ್ರಾಹಕರ ಆಯೋಗದಲ್ಲಿ ದೂರು ನಡೆಯುವುದಿಲ್ಲ. ಹಾಗೆಂದು ದಾರಿ ಮುಚ್ಚಿಲ್ಲ. ಜಿಲ್ಲಾ ಆಸ್ಪತ್ರೆಯಾದರೆ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ಊರಿನ ಆರೋಗ್ಯ ಕೇಂದ್ರವಾದರೆ ತಾಲೂಕು ಅಥವಾ ಜಿಲ್ಲಾ ಆರೋಗ್ಯ ಅಧಿಕಾರಿಗೆ ದೂರು ಕೊಡಬಹುದು. 104 ಸಹಾಯವಾಣಿಗೂ ಹೇಳಬಹುದು. ಲಂಚ ಕೇಳಿದರೆ ಲೋಕಾಯುಕ್ತಕ್ಕೆ ಹೋಗಬಹುದು. ಮಾನವ ಹಕ್ಕುಗಳ ಆಯೋಗಕ್ಕೆ 1 ವರ್ಷದೊಳಗೆ ಬರೆಯಬಹುದು. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬಹುದು. ಹರಿಯಾಣದ ಒಬ್ಬ ಕೂಲಿ ಮಹಿಳೆ ಏಳು ಮಕ್ಕಳಾದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದರು. ಎರಡು ನಾಳಗಳಲ್ಲಿ ಒಂದನ್ನಷ್ಟೇ ಮಾಡಿದ್ದರಿಂದ ಮತ್ತೊಂದು ಹೆಣ್ಣು ಮಗು ಹುಟ್ಟಿತು. ಅವರು ಸರ್ಕಾರದ ಮೇಲೆ ದಾವೆ ಹೂಡಿದರು. ಸರ್ಕಾರ ಮೇಲಿನ ಕೋರ್ಟುಗಳಿಗೆ ಹೋದರೂ 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ ಆ ಬಡ ತಾಯಿಯ ಪರವಾಗಿಯೇ ತೀರ್ಪು ಕೊಟ್ಟಿತು. ಈಗ ಈ ಆಪರೇಷನ್ ವಿಫಲವಾದರೆ ಸರ್ಕಾರದ್ದೇ ಪರಿಹಾರ ಯೋಜನೆ ಇದೆ. ತಿಳಿದ ಕೂಡಲೇ, 90 ದಿನದೊಳಗೆ ಅರ್ಜಿ ಹಾಕಬೇಕು.

ಪೊಲೀಸರು: ತೀರಾ ಹೊಣೆಗೇಡಿತನದಿಂದ ಸಾವು ಅಥವಾ ದೊಡ್ಡ ಹಾನಿ ಆಗಿದ್ದರೆ ಮಾತ್ರ ಇದು ಕ್ರಿಮಿನಲ್ ಪ್ರಕರಣವಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಚಿಕಿತ್ಸೆ ಮಾಡುವಾಗಿನ ನಿರ್ಲಕ್ಷ್ಯದಿಂದ ಸಾವು ತಂದ ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಆದರೆ ಪೊಲೀಸರು ಮೊದಲು ಬೇರೆ ತಜ್ಞ ವೈದ್ಯರ ಅಭಿಪ್ರಾಯ ಪಡೆಯಬೇಕು, ಸುಮ್ಮಸುಮ್ಮನೆ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. "ದೂರು ಕೊಟ್ಟರೂ ಡಾಕ್ಟರನ್ನ ಹಿಡೀಲಿಲ್ಲ" ಎಂದು ನಿರಾಶರಾಗಬೇಡಿರಿ.

ಉಚಿತ ವಕೀಲರು: ವಿಜಯಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಆದಾಯ ಎಷ್ಟೇ ಇರಲಿ, ಮಹಿಳೆಯರೆಲ್ಲರಿಗೂ ಇಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಫೋನ್ 15100. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಕಾಗದದ ಪಿಶವಿ ಹಿಡಿದು ಮೊದಲು ಇಲ್ಲಿಗೇ ಹೋಗಿರಿ.

ಇವನ್ನು ಮಾಡಬೇಡಿರಿ

ಕಲ್ಲು ಎಸೆಯುವುದು, ದಾದಿಯರನ್ನು ಬಡಿಯುವುದು ಬೇಡ. 2009ರಿಂದ ನಮ್ಮ ರಾಜ್ಯದಲ್ಲಿ ಇದಕ್ಕೆ ಪ್ರತ್ಯೇಕ ಕಾನೂನಿದೆ. ಜೈಲು ಶಿಕ್ಷೆಯ ಜೊತೆಗೆ ಹಾಳಾದ ಸಾಮಾನಿನ ಎರಡು ಪಟ್ಟು ಬೆಲೆ ಕೊಡಬೇಕಾಗುತ್ತದೆ. ನ್ಯಾಯ ಕೇಳಬೇಕಾದವರೇ ಆರೋಪಿಗಳಾಗುತ್ತಾರೆ.

ಅವಸರದಲ್ಲಿ ರಾಜಿ ಪತ್ರಕ್ಕೆ ಸಹಿ ಬೇಡ. ದುಃಖದ ಹೊತ್ತಿನಲ್ಲಿ ಕೈಗೆ ಒಂದಿಷ್ಟು ಹಣ ಇಟ್ಟು "ನಮ್ಮದೇನೂ ತಕರಾರಿಲ್ಲ" ಎಂದು ಬರೆಸಿಕೊಂಡರೆ ಮುಂದಿನ ದೂರು ದುರ್ಬಲವಾಗುತ್ತದೆ. ಹಾಗೆಯೇ ಖಾತ್ರಿ ಇಲ್ಲದೆ ವೈದ್ಯರ ಹೆಸರನ್ನು ಮೊಬೈಲಿನಲ್ಲಿ ಹರಿಬಿಡಬೇಡಿರಿ.

ನೆನಪಿನ ಚೀಟಿ

• 72 ಗಂಟೆ: ದವಾಖಾನೆ ದಾಖಲೆ ಕೊಡಬೇಕಾದ ಅವಧಿ
• 30 ದಿನ: ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ
• 90 ದಿನ: ಮಕ್ಕಳಾಗದ ಆಪರೇಷನ್ ವಿಫಲವಾದರೆ ಪರಿಹಾರದ ಅರ್ಜಿ
• 1 ವರ್ಷ: ಮಾನವ ಹಕ್ಕುಗಳ ಆಯೋಗ
• 2 ವರ್ಷ: ಗ್ರಾಹಕರ ಆಯೋಗ
• 3 ವರ್ಷ: ದವಾಖಾನೆ ದಾಖಲೆ ಕಾಯ್ದಿಡಬೇಕಾದ ಅವಧಿ

ಸಂಘದ ಕೆಲಸ

ಒಬ್ಬಳೇ ಹೋದರೆ "ನಾಳೆ ಬಾ" ಎನ್ನುವ ಕಚೇರಿ, ಐದು ಮಂದಿ ಕೂಡಿ ಹೋದರೆ ಕುರ್ಚಿ ಹಾಕುತ್ತದೆ. ನೊಂದ ಸದಸ್ಯೆಯ ಜೊತೆ ಇಬ್ಬರನ್ನಾದರೂ ಕಳಿಸಿರಿ. ಆಪರೇಷನ್‌ಗೆ ಸಾಲ ಕೊಡುವ ಮುಂಚೆ "ಇನ್ನೊಬ್ಬ ಡಾಕ್ಟರಿಗೆ ತೋರಿಸಿದಿಯೇನವ್ವಾ?" ಎಂದು ಕೇಳುವ ರೂಢಿ ಮಾಡಿರಿ. ಜೀವಕ್ಕೆ ತುರ್ತು ಇದ್ದರೆ ಈ ಪ್ರಶ್ನೆ ಬೇಡ, ಸಾಲ ಕೊಟ್ಟು ಕಳಿಸಿರಿ. ಒಂದೇ ದವಾಖಾನೆಯ ಬಗ್ಗೆ ಎರಡು-ಮೂರು ದೂರು ಬಂದರೆ ಒಕ್ಕೂಟದ ಸಭೆಗೆ ತನ್ನಿರಿ. ಕಲಬುರಗಿಯ ಅಕ್ಕಂದಿರ ದುಃಖ ಲೆಕ್ಕಕ್ಕೆ ಬಂದದ್ದು ಹೀಗೆಯೇ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ:

1. ಹೋದ ವರ್ಷ ನಮ್ಮ ಸಂಘದಿಂದ ದವಾಖಾನೆಗೆಂದು ಎಷ್ಟು ಸಾಲ ಹೋಯಿತು? ಅದರಲ್ಲಿ ಆಪರೇಷನ್ ಎಷ್ಟು?
2. ನಮ್ಮಲ್ಲಿ ಗರ್ಭಕೋಶ ತೆಗೆಸಿದವರು ಎಷ್ಟು ಜನ? ಆಗ ಅವರ ವಯಸ್ಸು ಎಷ್ಟಿತ್ತು? (ಹೇಳಲು ಮನಸ್ಸಿದ್ದವರು ಮಾತ್ರ ಹೇಳಲಿ.)
3. ಪ್ರತಿ ಮನೆಯಲ್ಲೂ ದವಾಖಾನೆ ಕಾಗದಕ್ಕೆ ಒಂದು ಪಿಶವಿ ಇದೆಯೇ? ಇಲ್ಲದವರು ಈ ವಾರವೇ ಮಾಡಲಿ.